ಲಾಡ್ಜಿನ ಬಾಗಿಲು, ವಕೀಲರ ಪಡಸಾಲೆ: ಗಡಿಸೀಮೆಯಿಂದ ನೋಡಿದ ನರೇಂದ್ರನಾಥ ದತ್ತ

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಂಡಿಸಿದ ಮಾತಿನ ಲಿಖಿತ ರೂಪ. ಕೊನೆಯಲ್ಲಿ ಸಂವಾದದ ಭಾಗವಿದೆ.)

ಸಾಂಗ್ಲಿ, ಮಿರಜ್ ಸೀಮೆಯ ಬಗ್ಗೆ ಮಾತಾಡುವಾಗ ನಾವು ಸಾಹಿತ್ಯದವರು ಸಾಮಾನ್ಯವಾಗಿ ಶಾಸನಕ್ಕೆ ಹೋಗುತ್ತೇವೆ, ಇಲ್ಲಾ ರಂಗಭೂಮಿಗೆ ಹೋಗುತ್ತೇವೆ. ನನ್ನ ಪಾಲಿಗೆ ಬಂದದ್ದು ವಕೀಲರು. ಅದರಲ್ಲೂ ಒಂದು ವಿಚಿತ್ರ ಜೋಡಿ: ವಕೀಲಿ ಮತ್ತು ಫ್ರೀಮೇಸನರಿ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಕಾನೂನು ಓದಿದ ಭಾರತೀಯನೊಬ್ಬ ಫ್ರೀಮೇಸನ್ ಲಾಡ್ಜಿಗೆ ಯಾಕೆ ಹೋಗುತ್ತಿದ್ದ, ಅಲ್ಲಿ ಅವನಿಗೆ ಏನು ಸಿಗುತ್ತಿತ್ತು, ಏನು ಸಿಗುತ್ತಿರಲಿಲ್ಲ ಅನ್ನೋದು ಪ್ರಶ್ನೆ.

ಇದಕ್ಕೆ ನಾನು ಆರಿಸಿಕೊಂಡಿರುವ ವ್ಯಕ್ತಿ ಪೂರ್ತಿ ವಕೀಲನೂ ಅಲ್ಲ, ಬಹಳ ಕಾಲ ಫ್ರೀಮೇಸನ್ ಆಗಿ ಓಡಾಡಿದವನೂ ಅಲ್ಲ. ವಕೀಲರ ಮನೆತನದಲ್ಲಿ ಹುಟ್ಟಿ, ಕಾನೂನು ಓದಿ, ಪರೀಕ್ಷೆ ಮುಗಿಸದೆ ಎದ್ದುಬಂದವನು. ಲಾಡ್ಜಿನ ಮೂರೂ ಮೆಟ್ಟಿಲನ್ನು ಮೂರೇ ತಿಂಗಳಲ್ಲಿ ಹತ್ತಿದವನು. ಆಮೇಲೆ 1892ರಲ್ಲಿ ಕೊಲ್ಹಾಪುರದಿಂದ ಬೆಳಗಾವಿಗೆ ಬಂದು ಒಬ್ಬ ವಕೀಲರ ಮನೆಯಲ್ಲಿ ಇಳಿದುಕೊಂಡವನು. ಕಲ್ಕತ್ತೆಯ ನರೇಂದ್ರನಾಥ ದತ್ತ, ಅಂದರೆ ಸ್ವಾಮಿ ವಿವೇಕಾನಂದ. ಕುವೆಂಪು ಬರೆದ ಜೀವನಚರಿತ್ರೆಯಿಂದಲೋ, ಸ್ವಾಮಿ ಪುರುಷೋತ್ತಮಾನಂದರ ಮೂರು ಸಂಪುಟಗಳಿಂದಲೋ ಕನ್ನಡ ಓದುಗರಿಗೆ ಈ ಹೆಸರು ಮನೆಮಾತು. ಆದರೆ ವಕೀಲಿ ಮತ್ತು ಲಾಡ್ಜು ಎಂಬ ಎರಡು ಬಾಗಿಲಿನ ನಡುವೆ ಇಟ್ಟು ಅವರನ್ನು ನಾವು ನೋಡಿದ್ದು ಕಡಿಮೆ. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ: ವಿವೇಕಾನಂದರನ್ನು ಊರಿಂದೂರಿಗೆ ದಾಟಿಸಿದ್ದು ಫ್ರೀಮೇಸನ್ನರ ಗುಪ್ತ ಕೈಕುಲುಕು ಅಲ್ಲ, ವಕೀಲರು ಮತ್ತು ದರಬಾರಿನ ಕಾರಭಾರಿಗಳು ಬರೆದುಕೊಟ್ಟ ಚೀಟಿಗಳು.

ಮೊದಲು 'ವಕೀಲ' ಎಂಬ ಪದವನ್ನೇ ಸ್ವಲ್ಪ ಬಿಡಿಸೋಣ. ಅರಬ್ಬಿಯಿಂದ ಬಂದದ್ದು, ಮೂಲ ಅರ್ಥ ಪ್ರತಿನಿಧಿ, ಇನ್ನೊಬ್ಬರ ಪರವಾಗಿ ನಿಲ್ಲುವವನು. ಮರಾಠರ ಕಾಲದಲ್ಲಿ ವಕೀಲ ಅಂದರೆ ಒಂದು ದರಬಾರು ಇನ್ನೊಂದು ದರಬಾರಿನಲ್ಲಿ ಇಟ್ಟುಕೊಂಡ ರಾಯಭಾರಿ. ಕೋರ್ಟಿನ ಕರಿಕೋಟು ಬಂದದ್ದು ಆಮೇಲೆ. ಬ್ರಿಟಿಷರ ಕಾಲದಲ್ಲಿ ಎರಡೂ ಅರ್ಥ ಅಕ್ಕಪಕ್ಕ ಬದುಕಿದ್ದವು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಅಬು ಬೆಟ್ಟದಲ್ಲಿ ಬೇಕಾಗುತ್ತದೆ.

ಸಾಂಗ್ಲಿ–ಮಿರಜ್ ಸೀಮೆಯಲ್ಲಿ ಈ ಪ್ರತಿನಿಧಿಯ ಕೆಲಸ ಯಾಕೆ ಅಷ್ಟು ಮುಖ್ಯವಾಯಿತು ಅನ್ನುವುದಕ್ಕೆ ನಕ್ಷೆ ನೋಡಬೇಕು. ಪಟವರ್ಧನರ ಸಂಸ್ಥಾನಗಳು ಒಂದೇ ತುಂಡು ನೆಲವಾಗಿರಲಿಲ್ಲ. 1801ರಲ್ಲಿ ಚಿಂತಾಮಣರಾವ್ ಪಟವರ್ಧನರು ಮಿರಜಿನಿಂದ ಬೇರೆಯಾಗಿ ಸಾಂಗ್ಲಿಯನ್ನು ಕಟ್ಟಿಕೊಂಡರು. ಆಮೇಲೆ ಮಿರಜೂ ಹಿರಿಯ, ಕಿರಿಯ ಎಂದು ಎರಡಾಯಿತು. ಸಾಂಗ್ಲಿಯ ಆಡಳಿತಕ್ಕೆ ಸೇರಿದ್ದ ಊರುಗಳಲ್ಲಿ ತೇರದಾಳ, ಶಿರಹಟ್ಟಿ, ಶಹಾಪುರ ಇದ್ದವು. ತೇರದಾಳ ಇವತ್ತು ಬಾಗಲಕೋಟೆ ಜಿಲ್ಲೆ, ಶಿರಹಟ್ಟಿ ಗದಗ ಜಿಲ್ಲೆ. ಶಹಾಪುರ ಅಂದರೆ ಬೆಳಗಾವಿಗೆ ಅಂಟಿಕೊಂಡ, ಈಗ ಬೆಳಗಾವಿಯದೇ ಭಾಗವಾದ ಶಹಾಪುರ. ಇನ್ನು ಹಿರಿಯ ಮಿರಜ್ ಸಂಸ್ಥಾನದ ಕೈಯಲ್ಲಿ ಲಕ್ಷ್ಮೇಶ್ವರ ಇತ್ತು. ಕವಿರಾಜಮಾರ್ಗ ತಿರುಳ್ಗನ್ನಡದ ಸೀಮೆಯನ್ನು ಗುರುತಿಸುವಾಗ ಹೆಸರಿಸುವ ಪುಲಿಗೆರೆ ಇದೇ. ನಮ್ಮ ತರಗತಿಯಲ್ಲಿ ತಿರುಳ್ಗನ್ನಡದ ನಾಡು ಎಂದು ಪಾಠ ಮಾಡಿಸಿಕೊಳ್ಳುವ ಊರಿನ ರೈತ, ನೂರಿಪ್ಪತ್ತು ವರ್ಷದ ಹಿಂದೆ ಸಂಸ್ಥಾನದ ಮೇಲಿನ ದರಬಾರಿಗೆ ಅರ್ಜಿ ಹಿಡಿದು ಹೋಗಬೇಕಾದದ್ದು ಮಿರಜಿಗೆ, ಮರಾಠಿಗೆ.

ಹೀಗಾಗಿ ಬೆಳಗಾವಿಯ ವಕೀಲ ಬ್ರಿಟಿಷ್ ಕೋರ್ಟಿನ ಸನದು ಇಟ್ಟುಕೊಂಡವನು, ಅವನ ಕಕ್ಷಿಗಾರ ಮಾತ್ರ ರಸ್ತೆಯಾಚೆ ಶಹಾಪುರದಲ್ಲಿ ಸಾಂಗ್ಲಿ ದರಬಾರಿನ ಪ್ರಜೆ. ಒಂದು ಕಡೆಯ ಜಪ್ತಿ ಹುಕುಮು ರಸ್ತೆ ದಾಟಿದ ಕೂಡಲೇ ತನ್ನಷ್ಟಕ್ಕೆ ತಾನು ನಡೆಯುತ್ತಿರಲಿಲ್ಲ. ಕಾನೂನು ಗೊತ್ತಿದ್ದರೆ ಸಾಲದು, ಆ ಕಡೆ ಯಾರನ್ನು ಕಾಣಬೇಕು, ಯಾರಿಗೆ ಚೀಟಿ ಬರೆಯಬೇಕು ಅನ್ನೋದು ಗೊತ್ತಿರಬೇಕು. ಕನ್ನಡ ಕೇಳಿಸಿಕೊಂಡು, ಮರಾಠಿಯಲ್ಲಿ ಬರೆದು, ಇಂಗ್ಲಿಷಿನಲ್ಲಿ ವಾದಿಸುವ ಜನ ಇವರು. ಗಡಿಯ ವಕೀಲನ ಬಂಡವಾಳದಲ್ಲಿ ಅರ್ಧ ಪರಿಚಯ. ಈ ಪರಿಚಯದ ಜಾಲ ಒಬ್ಬ ಸನ್ಯಾಸಿಗೆ ಹೇಗೆ ಒದಗಿತು ಅನ್ನೋದು ನಮ್ಮ ಕಥೆಯ ಎರಡನೇ ಭಾಗ. ಅದಕ್ಕೆ ಮುಂಚೆ ಲಾಡ್ಜು.

'ಲಾಡ್ಜ್' ಅಂದಕೂಡಲೇ ನಮ್ಮ ಬಸ್‌ಸ್ಟ್ಯಾಂಡ್ ಎದುರಿನ ಬೋರ್ಡಿಂಗ್–ಲಾಡ್ಜಿಂಗ್ ಕಣ್ಣಿಗೆ ಬರುತ್ತದೆ, ಕ್ಷಮಿಸಿ, ಅದಲ್ಲ. ಮೇಸನ್ ಅಂದರೆ ಗೌಂಡಿ. ಯುರೋಪಿನಲ್ಲಿ ಕಲ್ಲುಕೆಲಸದವರ ಕೂಟದ ಲಾಂಛನ, ಮಾತು, ಮರ್ಯಾದೆಗಳನ್ನು ಕಲ್ಲು ಮುಟ್ಟದ ಜನ ತಮ್ಮ ನೀತಿಪಾಠಕ್ಕೆ ಎರವಲು ಪಡೆದುಕೊಂಡದ್ದು ಫ್ರೀಮೇಸನರಿ. 1717ರಲ್ಲಿ ಲಂಡನ್ನಿನಲ್ಲಿ ಮೊದಲ ಗ್ರ್ಯಾಂಡ್ ಲಾಡ್ಜ್ ಆಯಿತು, 1723ರಲ್ಲಿ ಅದರ ನಿಯಮಾವಳಿ ಅಚ್ಚಾಯಿತು. ಗುರುತು ಮೂಲೆಮಟ್ಟ ಮತ್ತು ಕೈವಾರ, ಉಡುಪು ಗೌಂಡಿಯ ಏಪ್ರನ್. ಮೂರು ಹಂತ: ಹೊಸದಾಗಿ ಸೇರಿದ ಶಿಷ್ಯ, ಕಸುಬು ಕಲಿತ ಜೊತೆಗಾರ, ಕೊನೆಗೆ ಮಾಸ್ಟರ್ ಮೇಸನ್. ಈ ಮೂರನೆಯದಕ್ಕೆ ಕನ್ನಡದಲ್ಲಿ ಹುಡುಕಬೇಕಾಗಿಯೇ ಇಲ್ಲ, 'ಮೇಸ್ತ್ರಿ' ಅಂದರೆ ಆಯಿತು. ನಮ್ಮ ಮೇಸ್ತ್ರಿಯೂ ಪೋರ್ಚುಗೀಸಿನಿಂದ ಬಂದ ಅದೇ 'ಮಾಸ್ಟರ್'. ಸೇರುವವನು ಒಬ್ಬ ಪರಮಾತ್ಮನನ್ನು ನಂಬಿರಬೇಕು. ಅವನನ್ನು 'ವಿಶ್ವದ ಮಹಾಶಿಲ್ಪಿ' ಎಂದು ಕರೆಯುತ್ತಾರೆ. ಒಳಗೆ ಮತಧರ್ಮದ ಜಗಳ, ರಾಜಕೀಯದ ಜಗಳ ಕೂಡದು. ಹೆಂಗಸರಿಗೆ ಪ್ರವೇಶವಿಲ್ಲ. ಹೊಸಬನನ್ನು ಸೇರಿಸಿಕೊಳ್ಳುವಾಗ ಗುಪ್ತಮತ. ಬಿಳಿ ಗುಂಡು ಹಾಕಿದರೆ ಒಪ್ಪಿಗೆ, ಕರಿ ಗುಂಡು ಬಿದ್ದರೆ ಬಾಗಿಲು ಬಂದ್. ಗುಪ್ತ ಸಂಘ ಅಂತ ಹೆದರಿಸುವವರಿದ್ದಾರೆ, ನನಗೇನೋ ಅದರ ಗುಟ್ಟಿಗಿಂತ ಅದರ ಕಾನೂನುಪ್ರೀತಿಯೇ ಹೆಚ್ಚು ಕಾಣುತ್ತದೆ. ಉಪನಿಯಮ, ನಡಾವಳಿ ಪುಸ್ತಕ, ಪದಾಧಿಕಾರಿಗಳ ಸಾಲು, ವಂತಿಗೆ, ಮೇಲ್ಮನವಿ. ಕೋರ್ಟಿನಲ್ಲಿ ಹಗಲು ಕಳೆದವನಿಗೆ ಅಲ್ಲಿ ಯಾವುದೂ ಅಪರಿಚಿತ ಅನ್ನಿಸುತ್ತಿರಲಿಲ್ಲ.

ಭಾರತದಲ್ಲಿ ಇದರ ಬಾಗಿಲು ನೂರು ವರ್ಷದ ಮೇಲೆ ಹೆಚ್ಚುಕಡಿಮೆ ಬಿಳಿಯರದೇ ಆಗಿತ್ತು. ಎಲ್ಲ ಮನುಷ್ಯರೂ ಸಹೋದರರು ಅನ್ನುವ ಸಂಸ್ಥೆ ಬಾಗಿಲಲ್ಲಿ ಚರ್ಮ ನೋಡುತ್ತಿತ್ತು. ಅದನ್ನು ತೆರೆಸಿದ ರೀತಿ ನೋಡಿ, ಪೂರಾ ವಕೀಲಿ ರೀತಿ. ಮುಂಬಯಿಯ ಪಾರ್ಸಿ ಮಾಣೆಕ್‌ಜಿ ಕರ್ಸೆಟ್‌ಜಿಯವರನ್ನು (ಸ್ಮಾಲ್ ಕಾಸಸ್ ಕೋರ್ಟಿನಲ್ಲಿ ನ್ಯಾಯಾಧೀಶರಾಗಿದ್ದವರು) ಊರಿನ ಲಾಡ್ಜ್ ಸೇರಿಸಿಕೊಳ್ಳಲಿಲ್ಲ. ಅವರು 1842ರಲ್ಲಿ ಪ್ಯಾರಿಸ್ಸಿಗೆ ಹೋಗಿ ಅಲ್ಲಿ ದೀಕ್ಷೆ ತೆಗೆದುಕೊಂಡು ಬಂದರು. ಈಗ ನಾನು ಆಗಲೇ ಸಹೋದರ, ನಿಮ್ಮ ನಿಯಮದ ಪ್ರಕಾರ ಹೊರಗಿಡುವುದು ಹೇಗೆ ಅನ್ನುವ ಪೇಚು. ಆಗಲೂ ಹಳೆಯ ಲಾಡ್ಜ್ ಬಗ್ಗಲಿಲ್ಲ. ಕೊನೆಗೆ 1843ರ ಡಿಸೆಂಬರಿನಲ್ಲಿ ಜೇಮ್ಸ್ ಬರ್ನ್ಸ್ ಎಂಬ ವೈದ್ಯರ ಮುಂದಾಳತ್ವದಲ್ಲಿ ಭಾರತೀಯರನ್ನು ಸೇರಿಸಿಕೊಳ್ಳಲೆಂದೇ 'ರೈಸಿಂಗ್ ಸ್ಟಾರ್ ಆಫ್ ವೆಸ್ಟರ್ನ್ ಇಂಡಿಯಾ' ಎಂಬ ಲಾಡ್ಜ್ ಹುಟ್ಟಿತು. ಪಾರ್ಸಿಗಳಿಗೆ, ಮುಸ್ಲಿಮರಿಗೆ ದಾರಿ ಆಯಿತು. ಹಿಂದೂಗಳ ವಿಷಯದಲ್ಲಿ ಇನ್ನೊಂದು ತಕರಾರು: ಇಷ್ಟೊಂದು ದೇವರುಗಳನ್ನು ಇಟ್ಟುಕೊಂಡವರು ಒಬ್ಬ ಪರಮಾತ್ಮನನ್ನು ನಂಬುತ್ತಾರಾ? ಜಾತಿ ಕಟ್ಟಿಕೊಂಡವರು ಸಹೋದರತ್ವ ಪಾಲಿಸುತ್ತಾರಾ? ಎರಡನೆಯ ಪ್ರಶ್ನೆ ಬಿಳಿಯರ ಬಾಯಲ್ಲಿ ನೆಪ ಇರಬಹುದು, ಆದರೆ ಪ್ರಶ್ನೆ ಸುಳ್ಳಲ್ಲ ಅನ್ನೋದನ್ನೂ ನಾವು ಒಪ್ಪಬೇಕು. ಕಲ್ಕತ್ತೆಯಲ್ಲಿ ಪ್ರಸನ್ನಕುಮಾರ ದತ್ತ ಎಂಬವರು ಈ ತಡೆಯನ್ನು ಪ್ರಶ್ನಿಸಿ ವರ್ಷಗಟ್ಟಲೆ ಅರ್ಜಿ ನಡೆಸಿದರು. ವಿಷಯ ಇಂಗ್ಲೆಂಡಿನ ಗ್ರ್ಯಾಂಡ್ ಲಾಡ್ಜಿನವರೆಗೆ ಹೋಯಿತು. 1872ರಲ್ಲಿ 'ಆಂಕರ್ ಅಂಡ್ ಹೋಪ್' ಎಂಬ ಲಾಡ್ಜಿನಲ್ಲಿ ಅವರಿಗೆ ಪ್ರವೇಶ ಸಿಕ್ಕಿತು. ಹನ್ನೆರಡು ವರ್ಷದ ಮೇಲೆ ಅದೇ ಲಾಡ್ಜಿಗೆ ಇನ್ನೊಬ್ಬ ದತ್ತ ಬಂದ.

ನರೇಂದ್ರನ ಮನೆತನದಲ್ಲಿ ಕಾನೂನು ಕಂಬಳಿಯಂತೆ ಹೊದ್ದ ವಸ್ತು. ಮುತ್ತಾತ ರಾಮಮೋಹನ ದತ್ತ ಇಂಗ್ಲಿಷ್ ಅಟಾರ್ನಿಯೊಬ್ಬನ ಕಚೇರಿಯಲ್ಲಿ ಮುಖ್ಯ ಗುಮಾಸ್ತ. ತಾತ ದುರ್ಗಾಪ್ರಸಾದ ಚಿಕ್ಕ ವಯಸ್ಸಿನಲ್ಲೇ ಮನೆ ಬಿಟ್ಟು ಸನ್ಯಾಸಿಯಾದರು. ತಂದೆ ವಿಶ್ವನಾಥ ದತ್ತ ಕಲ್ಕತ್ತಾ ಹೈಕೋರ್ಟಿನ ಅಟಾರ್ನಿ. ಕೈ ಬಿಚ್ಚಿ ಖರ್ಚು ಮಾಡುತ್ತಿದ್ದವರು, ಮನೆ ತುಂಬ ಬಂದವರು ಹೋದವರು. ಬಳಗದ ತಾರಕನಾಥರೂ ಹೈಕೋರ್ಟ್ ವಕೀಲರು. ಮಗನೂ ಬಿ.ಎ. ಓದುವ ಹೊತ್ತಿಗೆ ನಿಮಾಯಿಚರಣ ಬಸು ಎಂಬ ಅಟಾರ್ನಿಯ ಬಳಿ ಕೆಲಸ ಕಲಿಯಲು ಸೇರಿದ್ದ, ಆಮೇಲೆ ಮೆಟ್ರೊಪಾಲಿಟನ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಕಾನೂನಿನ ತರಗತಿಗೂ ಹೋದ. ಇತ್ತ ದಕ್ಷಿಣೇಶ್ವರದಲ್ಲಿ ರಾಮಕೃಷ್ಣ ಪರಮಹಂಸರು ವಕೀಲ, ವೈದ್ಯ, ದಲ್ಲಾಳಿಗಳಿಗೆ ದೇವರ ದಾರಿ ಕಷ್ಟ ಅಂತ ಆಗಾಗ ಹೇಳುತ್ತಿದ್ದವರು!

ಈಗ 1884ರ ತಾರೀಖುಗಳನ್ನು ಸಾಲಾಗಿ ಇಡುತ್ತೇನೆ. ಫೆಬ್ರವರಿ 19: ಆಂಕರ್ ಅಂಡ್ ಹೋಪ್ ಲಾಡ್ಜಿನಲ್ಲಿ ದೀಕ್ಷೆ. ಅದೇ ಫೆಬ್ರವರಿ ಮುಗಿಯುವ ಮುಂಚೆ ತಂದೆ ಹೃದಯಾಘಾತದಿಂದ ತೀರಿಕೊಂಡರು. ಏಪ್ರಿಲ್ 15: ಲಾಡ್ಜಿನ ಎರಡನೆಯ ಹಂತ. ಮೇ 20: ಮೂರನೆಯ ಹಂತ, ಮಾಸ್ಟರ್ ಮೇಸನ್.

ಜೀವನಚರಿತ್ರೆಗಳು ಆ ಏಪ್ರಿಲ್, ಮೇ ತಿಂಗಳನ್ನು ಹೇಗೆ ಹೇಳುತ್ತವೆ ಅನ್ನೋದು ನಮಗೆ ಗೊತ್ತು. ತಂದೆ ಸತ್ತ ಮೇಲೆ ಸಾಲಗಾರರು ಬಾಗಿಲಿಗೆ ಬಂದರು. ಮನೆಯಲ್ಲಿ ತಾಯಿ, ತಮ್ಮಂದಿರು, ಅಕ್ಕಂದಿರು. ಹಿರಿಯ ಮಗ ಅರ್ಜಿ ಹಿಡಿದು ಬರಿಗಾಲಲ್ಲಿ ಕಚೇರಿಯಿಂದ ಕಚೇರಿಗೆ ಅಲೆದ. ಮನೆಯಲ್ಲಿ ಅನ್ನ ಸಾಲದು ಅನ್ನಿಸಿದ ದಿನ ಹೊರಗೆ ಊಟ ಇದೆ ಅಂತ ಸುಳ್ಳು ಹೇಳಿ ಉಪವಾಸ ಇದ್ದ. ಈ ಎರಡು ಚಿತ್ರಗಳನ್ನು ಒಂದರ ಮೇಲೊಂದು ಇಟ್ಟು ನೋಡಿ. ಬರಿಗಾಲಲ್ಲಿ ಕೆಲಸ ಹುಡುಕುತ್ತಿದ್ದ ಅದೇ ಹುಡುಗ ಅದೇ ವಾರಗಳಲ್ಲಿ ಏಪ್ರನ್ ಕಟ್ಟಿಕೊಂಡು ಲಾಡ್ಜಿನ ಮೆಟ್ಟಿಲು ಹತ್ತುತ್ತಿದ್ದಾನೆ. ಭಕ್ತರ ಓದಿನಲ್ಲಿ ಎರಡನೆಯ ಚಿತ್ರ ಬಿಟ್ಟುಹೋಗುತ್ತದೆ. ಫ್ರೀಮೇಸನ್ನರ ಹೆಮ್ಮೆಯ ಪಟ್ಟಿಯಲ್ಲಿ ಮೊದಲನೆಯದು ಬಿಟ್ಟುಹೋಗುತ್ತದೆ. ನನ್ನ ಓದಿನಲ್ಲಿ ಎರಡೂ ಒಂದೇ ಚಿತ್ರ. ಫೆಬ್ರವರಿಯಲ್ಲಿ ಲಾಡ್ಜಿಗೆ ಹೋದವನು ಅಟಾರ್ನಿಯ ಮಗ. ಆ ವರ್ಗದ ಯುವಕ ದೊಡ್ಡವರ ಬಳಗಕ್ಕೆ ಕಾಲಿಡುವ ಒಂದು ದಾರಿ ಅದು. ಏಪ್ರಿಲಿನಲ್ಲಿ ಹೋದವನು ಸಂಸಾರದ ನೊಗ ಹೊತ್ತ ನಿರುದ್ಯೋಗಿ. ಕೆಲಸ ಕೊಡಿಸಬಲ್ಲ ಜನ ಸೇರುವ ಜಾಗವನ್ನು ಅಂಥವನು ಅಷ್ಟು ಬೇಗ ಬಿಡುವುದಿಲ್ಲ. ಇದು ಅನುಮಾನದ ಮಾತಲ್ಲ, ಹಸಿವಿನ ತರ್ಕ. ಆದರೆ ಲಾಡ್ಜಿನ ಸಹೋದರರಿಂದ ಉದ್ಯೋಗ ಬಂದ ಹಾಗೆ ಕಾಣುವುದಿಲ್ಲ. ಕೆಲವು ಕಾಲ ವಿದ್ಯಾಸಾಗರರ ಶಾಲೆಯಲ್ಲಿ ಮೇಷ್ಟ್ರಾಗಿದ್ದು, ಅಟಾರ್ನಿ ಕಚೇರಿಯಲ್ಲಿ ಅಷ್ಟಿಷ್ಟು ಕೆಲಸ ಮಾಡಿದ್ದು, ಅನುವಾದ ಮಾಡಿದ್ದು, ಇದರಲ್ಲೇ ದಿನ ಹೋಯಿತು.

ಕಾನೂನು ಮಾತ್ರ ಅವರನ್ನು ಬಿಡಲಿಲ್ಲ. ತಾರಕನಾಥರ ವಿಧವೆ ಜ್ಞಾನದಾಸುಂದರಿ ಮತ್ತು ನರೇಂದ್ರನ ತಾಯಿ ಭುವನೇಶ್ವರಿ ದೇವಿಯ ನಡುವೆ ಮನೆಯ ಪಾಲಿಗಾಗಿ ಖಟ್ಲೆ ಹತ್ತಿಕೊಂಡಿತು, ಹೈಕೋರ್ಟಿಗೆ ಹೋಯಿತು. ಅಷ್ಟರಲ್ಲಿ ಮಠ ಸೇರಿದ್ದ ನರೇಂದ್ರ 1887ರಲ್ಲಿ ಸಾಕ್ಷಿಕಟ್ಟೆ ಹತ್ತಿ ಇಂಗ್ಲಿಷ್ ಬ್ಯಾರಿಸ್ಟರನ ಪಾಟೀಸವಾಲು ಎದುರಿಸಬೇಕಾಯಿತು. ಆ ಮನೆತನದ ವ್ಯಾಜ್ಯದ ಬಾಲ ಎಷ್ಟು ಉದ್ದ ಅಂದರೆ, ಒಂದು ರಾಜಿ ಆದದ್ದು 1902ರಲ್ಲಿ, ಅವರು ತೀರಿಕೊಳ್ಳುವ ಕೆಲವೇ ದಿನ ಮುಂಚೆ. ವಕೀಲಿಯನ್ನು ಅವರು ಒಳಗಿನಿಂದ, ಹೊರಗಿನಿಂದ, ಕಕ್ಷಿಗಾರನಾಗಿ ಎಲ್ಲ ರೀತಿಯಲ್ಲೂ ಕಂಡವರು. ಮುಂದೆ ಅಮೆರಿಕದ ವೇದಿಕೆಗಳಲ್ಲಿ ಅವರು ಎದುರಾಳಿಯ ಮಾತನ್ನೇ ಹಿಡಿದು ತಿರುಗಿಸುವ ಶೈಲಿಯಲ್ಲಿ ನನಗೆ ಸಾಕ್ಷಿಕಟ್ಟೆಯ ನೆನಪು ಕಾಣುತ್ತದೆ.

ಇನ್ನು ಪ್ರವಾಸಕ್ಕೆ ಬರೋಣ. ಬೆಳಗಾವಿಗೆ ಬಂದದ್ದು ಹೇಗೆ ಅನ್ನೋದನ್ನು ಹಿಂದಿನಿಂದ ಹಿಡಿಯಬೇಕು. 1891ರ ಬೇಸಿಗೆಯಲ್ಲಿ ಅಬು ಬೆಟ್ಟದಲ್ಲಿ ಗುಹೆಯೊಂದರಲ್ಲಿದ್ದ ಅವರನ್ನು ತನ್ನ ಬಂಗಲೆಗೆ ಕರೆದುಕೊಂಡು ಹೋದವನು ಒಬ್ಬ ಮುಸ್ಲಿಂ ವಕೀಲ. ಇಲ್ಲಿ ನಾವು ಆರಂಭದಲ್ಲಿ ಬಿಡಿಸಿದ ಹಳೆಯ ಅರ್ಥ ಬೇಕು: ಆತ ಕರಿಕೋಟಿನ ವಕೀಲ ಅಲ್ಲ, ರಾಜಪುತಾನದ ಒಂದು ಸಂಸ್ಥಾನ ಬ್ರಿಟಿಷ್ ಏಜೆಂಟರ ಬಳಿ ಇಟ್ಟಿದ್ದ ಪ್ರತಿನಿಧಿ. ಆ ಮನೆಗೆ ಬಂದ ಖೇತ್ರಿ ರಾಜನ ಕಾರ್ಯದರ್ಶಿ ಜಗಮೋಹನಲಾಲ, ಹಿಂದೂ ಸನ್ಯಾಸಿ ಮುಸಲ್ಮಾನರ ಮನೆಯಲ್ಲಿ ಹೇಗೆ ಅಂತ ಕೇಳಿದ. ತಾನು ಸನ್ಯಾಸಿ, ಭಂಗಿಯ ಜೊತೆಗೂ ಉಣ್ಣಬಲ್ಲೆ ಅನ್ನುವ ಅರ್ಥದ ಖಡಕ್ ಉತ್ತರ ಬಂತು. ಆ ಪರಿಚಯದಿಂದ ಖೇತ್ರಿಯ ಅಜಿತ್ ಸಿಂಗ್ ಸಿಕ್ಕರು. ಮರುವರ್ಷ ಖಾಂಡ್ವಾದಲ್ಲಿ ಹರಿದಾಸ ಚಟರ್ಜಿ ಎಂಬ ವಕೀಲರ ಮನೆ. ಷಿಕಾಗೋಗೆ ಹೋಗುವ ಯೋಚನೆಯನ್ನು ಗಂಭೀರವಾಗಿ ಆಡಿದ್ದು ಅಲ್ಲಿ. ಹರಿದಾಸರ ತಮ್ಮ ಮುಂಬಯಿಯ ಬ್ಯಾರಿಸ್ಟರ್ ರಾಮದಾಸ ಛಬಿಲದಾಸರಿಗೆ ಪರಿಚಯ ಮಾಡಿಸಿದ. ಮುಂಬಯಿಯಿಂದ ಪುಣೆಗೆ, ಎಲ್.ಎಲ್.ಬಿ. ಓದಿಯೂ ವಕೀಲಿ ಮಾಡದ ಬಾಲಗಂಗಾಧರ ತಿಲಕರ ಮನೆಗೆ. ಭಾವನಗರದ ದರಬಾರಿನಿಂದ ತಂದಿದ್ದ ಚೀಟಿ ಕೊಲ್ಹಾಪುರದ ದರಬಾರಿನಲ್ಲಿ ಕೆಲಸ ಮಾಡಿತು. ಕೊಲ್ಹಾಪುರದ ಖಾಸಗಿ ಕಾರಭಾರಿ ಗೋಳವಲಕರರು ಬೆಳಗಾವಿಯ ವಕೀಲ ಸದಾಶಿವರಾವ್ ಭಾಟೆಯವರಿಗೆ ಇನ್ನೊಂದು ಚೀಟಿ ಬರೆದುಕೊಟ್ಟರು.

ಈ ಸರಪಳಿಯನ್ನು ನೋಡುತ್ತಾ ಹೋದರೆ ನಾನು ಮೊದಲು ಹೇಳಿದ ಗಡಿವಕೀಲನ ಬಂಡವಾಳ ನೆನಪಾಗುತ್ತದೆ. ಸಂಸ್ಥಾನದ ಎಲ್ಲೆ ದಾಟಲು ಕಕ್ಷಿಗಾರನಿಗೆ ಯಾವ ಕೊಂಡಿ ಬೇಕಿತ್ತೋ ಅದೇ ಕೊ೦ಡಿ ಸನ್ಯಾಸಿಗೂ ಸಾಕಾಯಿತು. 1891ರಲ್ಲಿ ಕೊಲ್ಹಾಪುರ–ಮಿರಜ್ ರೈಲು ಓಡಲು ಶುರುವಾಗಿತ್ತು. ಮಿರಜಿನಲ್ಲಿ ದಕ್ಷಿಣದ ಕಡೆಯ ಗಾಡಿ ಹಿಡಿದರೆ ಬೆಳಗಾವಿ. ಪಟವರ್ಧನರ ಮಿರಜ್ ಆ ಹೊತ್ತಿಗೆ ಪುಣೆ, ಕೊಲ್ಹಾಪುರ, ಬೆಳಗಾವಿ ಮೂರನ್ನೂ ಕೂಡಿಸುವ ಜಂಕ್ಷನ್ ಆಗಿತ್ತು. ಖಟ್ಲೆಯ ಕಾಗದ, ವಕೀಲರ ಓಲೆ, ನಾಟಕ ಕಂಪನಿಯ ಪೆಟ್ಟಿಗೆ ಎಲ್ಲ ಅಲ್ಲಿಂದಲೇ ದಾಟುತ್ತಿದ್ದವು.

1892ರ ಅಕ್ಟೋಬರಿನಲ್ಲಿ ಬೆಳಗಾವಿಯ ರಿಸಾಲದಾರ ಗಲ್ಲಿಯ ಭಾಟೆಯವರ ಮನೆಯಲ್ಲಿ ಏನಾಯಿತು ಅನ್ನೋದಕ್ಕೆ ಎರಡು ನೆನಪುಗಳಿವೆ. ಒಂದು ಆಗ ಹುಡುಗನಾಗಿದ್ದ ಮಗನದು, ಮುಂದೆ ಪ್ರೊಫೆಸರ್ ಜಿ. ಎಸ್. ಭಾಟೆ ಎಂದು ಹೆಸರಾದವರದು. ಇನ್ನೊಂದು ಅರಣ್ಯಾಧಿಕಾರಿ ಹರಿಪದ ಮಿತ್ರರದು. ಮಗನ ನೆನಪು ನನಗೆ ಬಹಳ ಹಿಡಿಸುತ್ತದೆ, ಯಾಕೆಂದರೆ ಅದು ಭಕ್ತನ ನೆನಪಲ್ಲ, ಮುಜುಗರಪಟ್ಟ ಬ್ರಾಹ್ಮಣ ಮನೆಯೊಂದರ ನೆನಪು. ಬಂದವರು ಕಾವಿ ಉಟ್ಟಿದ್ದರೂ ಮೇಲೆ ಬನಿಯನ್ನಿನಂಥದ್ದು, ಕೈಯಲ್ಲಿ ಉದ್ದನೆಯ ಕೋಲು. ಇಂಗ್ಲಿಷ್ ಮಾತಾಡುವ ಸನ್ಯಾಸಿ. ಊಟ ಆದ ಮೇಲೆ ಎಲೆ ಅಡಿಕೆ ಕೇಳಿದರು. ಮಾಂಸ ತಿನ್ನುತ್ತೀರಾ ಅಂದರೆ ಪರಮಹಂಸರ ಪಂಥದವನಿಗೆ ಕೊಟ್ಟದ್ದೇ ಊಟ ಅಂದರು. ಹಿಂದೂಗಳಲ್ಲದವರ ಕೈಯಿಂದ? ಅದೂ ಆಗಿದೆ, ಮುಸಲ್ಮಾನರ ಮನೆಯಲ್ಲಿ ಎಷ್ಟೋ ಸಲ. ಆ ಮನೆಯ ಪಡಸಾಲೆಯಲ್ಲಿ ಆಗ ಎಂಥ ಮೌನ ಆಗಿರಬೇಕು! ಆದರೆ ಅದೇ ಹುಡುಗ ಬಾಯಿಪಾಠ ಮಾಡುತ್ತಿದ್ದ ಪಾಣಿನಿಯ ಅಷ್ಟಾಧ್ಯಾಯಿ ಸೂತ್ರಗಳನ್ನು ಅತಿಥಿ ಅವನಿಗಿಂತ ಚೆನ್ನಾಗಿ ಹೇಳಿದಾಗ ಮನೆಯವರ ಅಂದಾಜು ತಲೆಕೆಳಗಾಯಿತು.

ಅಕ್ಟೋಬರ್ 18ರ ಸಂಜೆ ಹರಿಪದ ಮಿತ್ರರ ಮನೆಗೆ ಒಬ್ಬ ವಕೀಲರು ಈ ಅತಿಥಿಯನ್ನು ಕರೆದುಕೊಂಡು ಬಂದರು. ಬಂಗಾಳಿ ಸಿಕ್ಕಿದ ಖುಷಿಗೆ ಮಿತ್ರರು ನಮ್ಮಲ್ಲೇ ಉಳಿಯಿರಿ ಎಂದರು. ಮರಾಠಿಯವರ ಮನೆಯಲ್ಲಿ ಸುಖವಾಗಿದ್ದೇನೆ, ಬಂಗಾಳಿಯನ್ನು ಕಂಡ ಕೂಡಲೇ ಎದ್ದು ಬಂದರೆ ಅವರಿಗೆ ಬೇಸರವಾಗುತ್ತದೆ ಅನ್ನುವ ಅರ್ಥದ ಉತ್ತರ ಸಿಕ್ಕಿತು. ಮರುದಿನ ಮಿತ್ರರು ಭಾಟೆಯವರಲ್ಲಿಗೆ ಹೋದರೆ ಪಡಸಾಲೆ ತುಂಬ ವಕೀಲರು, ಪಂಡಿತರು, ಊರ ದೊಡ್ಡವರು. ಕೇಳಿದವರ ಭಾಷೆಗೆ ತಕ್ಕಂತೆ ಇಂಗ್ಲಿಷಿನಲ್ಲಿ, ಸಂಸ್ಕೃತದಲ್ಲಿ, ಹಿಂದೂಸ್ತಾನಿಯಲ್ಲಿ ಉತ್ತರ ನಡೆದಿತ್ತು. ಊರಿನ ಎಕ್ಸಿಕ್ಯೂಟಿವ್ ಎಂಜಿನಿಯರರೊಬ್ಬರು ವಾದದಲ್ಲಿ ಸೋಲುತ್ತಾ ಸಿಟ್ಟಿಗೇಳುತ್ತಿದ್ದರಂತೆ, ಸ್ವಾಮಿಗಳು ತಾಳ್ಮೆಯಿಂದಲೇ ಇರುತ್ತಿದ್ದರಂತೆ.

ಇದನ್ನೇ ನಾನು ಲಾಡ್ಜಿನ ಪಕ್ಕ ಇಡಬೇಕು ಅನ್ನುವುದು. ಲಾಡ್ಜಿನಲ್ಲಿ ಹಿಂದೂ, ಮುಸ್ಲಿಂ, ಪಾರ್ಸಿ, ಕ್ರೈಸ್ತ ಒಟ್ಟಿಗೆ ಕೂರಬಹುದಿತ್ತು, ನಿಜ. ಆದರೆ ಧರ್ಮದ ಮಾತು ಎತ್ತಬಾರದು ಅನ್ನುವ ಷರತ್ತಿನ ಮೇಲೆ. ವಕೀಲರ ಪಡಸಾಲೆಯಲ್ಲಿ ಎತ್ತಿದ್ದೇ ಆ ಮಾತು, ಸಿಟ್ಟು ಬರುವವರೆಗೂ. ಲಾಡ್ಜಿಗೆ ಗುಂಡು ಹಾಕಿ ಆರಿಸಿಕೊಳ್ಳುತ್ತಿದ್ದರು, ಪಡಸಾಲೆಗೆ ಚೀಟಿ ಸಾಕು. ಹಾಗಂತ ಪಡಸಾಲೆಯನ್ನು ನಾನು ಸ್ವರ್ಗ ಮಾಡಲಾರೆ. ಅಲ್ಲಿ ಕೂತವರು ಹೆಚ್ಚಿನವರು ಇಂಗ್ಲಿಷ್ ಕಲಿತ ಮೇಲ್ಜಾತಿಯ ಗಂಡಸರು. ಶಹಾಪುರದ ನೇಕಾರನೋ, ಲಕ್ಷ್ಮೇಶ್ವರದ ರೈತನೋ ವಕೀಲರ ಮನೆಗೆ ಬಂದರೆ ಜಗಲಿಯ ಮೇಲೆ ಕಕ್ಷಿಗಾರನಾಗಿ ಕೂರುತ್ತಿದ್ದ, ಒಳಗೆ ಚರ್ಚೆಗಾರನಾಗಿ ಅಲ್ಲ. ಕರಿ ಗುಂಡು ಕಾಣದ ಕಡೆಯಲ್ಲೂ ಇರುತ್ತದೆ. ಆದರೂ ಒಂದು ವ್ಯತ್ಯಾಸ ದೊಡ್ಡದು. ಬೆಳಗಾವಿಯಲ್ಲಿ ಅವರಿಂದ ಮಂತ್ರದೀಕ್ಷೆ ಪಡೆದವರು ಹರಿಪದ ಮಿತ್ರ ಮಾತ್ರ ಅಲ್ಲ, ಅವರ ಹೆಂಡತಿ ಇಂದುಮತಿಯೂ. ಎಂಟು ವರ್ಷ ಹಿಂದೆ ಅವರು ದೀಕ್ಷೆ ಪಡೆದಿದ್ದ ಲಾಡ್ಜಿನ ಹೊಸ್ತಿಲನ್ನು ಇಂದುಮತಿ ದಾಟುವಂತೆಯೇ ಇರಲಿಲ್ಲ. 'ದೀಕ್ಷೆ' ಎಂಬ ಒಂದೇ ಪದವನ್ನು ನಾವು ಎರಡಕ್ಕೂ ಬಳಸುತ್ತೇವೆ, ಅರ್ಥ ಎಷ್ಟು ಬೇರೆ ನೋಡಿ.

ದುಡ್ಡಿನ ವಿಷಯಕ್ಕೆ ಬಂದರೆ, ಫ್ರೀಮೇಸನ್ನರೇ ವಿವೇಕಾನಂದರನ್ನು ಷಿಕಾಗೋಗೆ ಕಳಿಸಿದರು ಅನ್ನುವ ಮಾತು ಈಗ ಫೋನಿನಿಂದ ಫೋನಿಗೆ ಓಡಾಡುತ್ತಿದೆ. ಬೆಳಗಾವಿಯಲ್ಲೇ ಹರಿಪದ ಮಿತ್ರರು ಚಂದಾ ಎತ್ತುತ್ತೇನೆ ಅಂದಾಗ ಅವರು ಬೇಡ ಅಂದರು. ಮುಂದೆ ಮದ್ರಾಸಿನಲ್ಲಿ ಅಳಸಿಂಗ ಪೆರುಮಾಳ್ ಮತ್ತು ಗೆಳೆಯರು ಮನೆಮನೆ ತಿರುಗಿ ಚಂದಾ ಕೂಡಿಸಿದರು. ಖೇತ್ರಿಯ ರಾಜ ಕೈ ಹಿಡಿದರು. 1893ರ ಮೇ 31ಕ್ಕೆ ಮುಂಬಯಿ ಬಿಟ್ಟರು. ಷಿಕಾಗೋ ತಲುಪಿದರೆ ಸಮ್ಮೇಳನಕ್ಕೆ ಪ್ರತಿನಿಧಿಯಾಗಿ ಸೇರಿಸಿಕೊಳ್ಳಲು ಯಾವ ಸಂಸ್ಥೆಯ ಪತ್ರವೂ ಅವರ ಬಳಿ ಇರಲಿಲ್ಲ. ಗುಪ್ತ ಸಹೋದರತ್ವ ಕಳಿಸಿದ ಮನುಷ್ಯನಾಗಿದ್ದರೆ ಮೊದಲು ಕೈಗೆ ಬರಬೇಕಾದದ್ದು ಆ ಪತ್ರ ಅಲ್ಲವೇ? ಕೊನೆಗೆ ಹಾರ್ವರ್ಡಿನ ಗ್ರೀಕ್ ಪ್ರಾಧ್ಯಾಪಕ ಜಾನ್ ಹೆನ್ರಿ ರೈಟ್ ಒಂದು ಪರಿಚಯಪತ್ರ ಬರೆದುಕೊಟ್ಟರು. ಮತ್ತೆ ಚೀಟಿ.

ಸಂವಾದದಿಂದ

ಫ್ರೀಮೇಸನ್ ಆಗಿದ್ದನ್ನು ಜೀವನಚರಿತ್ರೆಕಾರರು ಮುಚ್ಚಿಟ್ಟರೇ ಅಂತ ಚಾಟ್‌ನಲ್ಲಿ ಒಬ್ಬರು ಕೇಳಿದ್ದಾರೆ. ಮುಚ್ಚಿಟ್ಟರು ಅನ್ನೋದಕ್ಕಿಂತ ಅವರ ಕಥೆಯಲ್ಲಿ ಅದಕ್ಕೆ ಜಾಗ ಸಿಗಲಿಲ್ಲ ಅನ್ನುತ್ತೇನೆ. 1884 ಅಂದರೆ ಅವರಿಗೆ ದಕ್ಷಿಣೇಶ್ವರದ ವರ್ಷ, ತಂದೆ ಹೋದ ವರ್ಷ. ತಾರೀಖು ಸಮೇತ ದಾಖಲೆ ಇದೆ, ಅದನ್ನು ಅಲ್ಲಗಳೆಯುವುದೂ ಬೇಡ, ಹಿಗ್ಗಿಸುವುದೂ ಬೇಡ.

ಇನ್ನೊಂದು ಪ್ರಶ್ನೆ ನಮ್ಮ ವಿಭಾಗದ ಮೇಷ್ಟ್ರದು: ಇದರಲ್ಲಿ ಕನ್ನಡ ಎಲ್ಲಿದೆ? ಸರ್, ನ್ಯಾಯವಾದ ಪ್ರಶ್ನೆ. ಬೆಳಗಾವಿಯ ಆ ಚರ್ಚೆಗಳ ಭಾಷೆ ಇಂಗ್ಲಿಷ್, ಸಂಸ್ಕೃತ, ಹಿಂದೂಸ್ತಾನಿ. ಮನೆಯ ಭಾಷೆ ಮರಾಠಿ. ಕನ್ನಡ ಇದ್ದದ್ದು ಜಗಲಿಯ ಮೇಲೆ, ಕಕ್ಷಿಗಾರರ ಬಾಯಲ್ಲಿ. ಸಾಂಗ್ಲಿ, ಮಿರಜ್ ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾದವು; ಶಿರಹಟ್ಟಿ, ಲಕ್ಷ್ಮೇಶ್ವರ, ತೇರದಾಳ 1956ರಲ್ಲಿ ಕನ್ನಡ ರಾಜ್ಯಕ್ಕೆ ಬಂದವು. ಆದರೆ ಕೈಫಿಯತ್ತು, ಖಟ್ಲೆ, ವಕಾಲತ್ತು, ತಾರೀಖು, ಜಪ್ತಿ ಅನ್ನುವ ಆ ಜಗಲಿಯ ಮಾತುಗಳು ನಮ್ಮ ಕಡೆಯ ಕನ್ನಡದಲ್ಲಿ ಇವತ್ತಿಗೂ ಇವೆ. ನನ್ನ ಮುಂದಿನ ಕೆಲಸ ಅವುಗಳದ್ದೇ, ವಕೀಲರದ್ದಲ್ಲ.

ಲಾಡ್ಜುಗಳು ಈಗಲೂ ಇವೆಯಾ ಅಂತ ಒಬ್ಬ ಗೆಳತಿ ಕೇಳಿದ್ದಾಳೆ. ಇವೆ. 1961ರ ನವೆಂಬರಿನಲ್ಲಿ ಭಾರತದ್ದೇ ಗ್ರ್ಯಾಂಡ್ ಲಾಡ್ಜ್ ಸ್ಥಾಪನೆ ಆಯಿತು. ಭಾಟೆಯವರ ಆ ಮನೆಯೂ ಇದೆ, ಈಗ ವಿವೇಕಾನಂದ ಸ್ಮಾರಕ. ಬೆಳಗಾವಿಗೆ ಹೋದರೆ ನೋಡಿ ಬನ್ನಿ, ಚೀಟಿ ಬೇಕಾಗಿಲ್ಲ.